ಒಂದೇ ಕಂಪ್ಯೂಟರ್‌ನಲ್ಲಿ ಇಪ್ಪತ್ತು ಜನ: ವಠಾರ ಒಳ್ಳೆಯದೋ, ಒಬ್ಬೊಬ್ಬರಿಗೊಂದು ಮನೆಯೋ?

ಮಗಳು ಸಾಫ್ಟ್‌ವೇರ್ ಕಂಪನಿಗೆ ಸೇರಿದ್ದಾಳೆ. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ. ಮೇಜಿನ ಮೇಲೆ ಇರುವುದು ಒಂದು ಸಾಧಾರಣ ಲ್ಯಾಪ್‌ಟಾಪ್. "ಇಷ್ಟು ಚಿಕ್ಕದರಲ್ಲಿ ಅಷ್ಟು ದೊಡ್ಡ ಕೆಲಸ ಹೇಗೆ ಮಾಡ್ತೀಯೇ?" ಎಂದು ಅಮ್ಮ ಕೇಳಿದರೆ, "ಇದರಲ್ಲಿ ಏನೂ ಇಲ್ಲಮ್ಮ, ಕೆಲಸ ಎಲ್ಲ ನಡೆಯೋದು ಸರ್ವರ್‌ನಲ್ಲಿ" ಎಂಬ ಉತ್ತರ ಬರುತ್ತದೆ. "ಹಾಗಾದರೆ ಆ ಸರ್ವರ್‌ನಲ್ಲಿ ಬೇರೆಯವರೂ ಇರ್ತಾರಾ? ನಿನ್ನ ಫೈಲು ಅವರಿಗೆ ಕಾಣಲ್ವಾ?" ಅಂತ ಅಮ್ಮ ಮತ್ತೆ ಕೇಳುತ್ತಾರೆ.

ಅಮ್ಮನಿಗೆ ಕಂಪ್ಯೂಟರ್ ಗೊತ್ತಿಲ್ಲದಿರಬಹುದು. ಆದರೆ ಈ ಪ್ರಶ್ನೆ ಕಂಪ್ಯೂಟರ್ ವಿಜ್ಞಾನದಲ್ಲಿ ಸುಮಾರು ಅರವತ್ತು ವರ್ಷಗಳಿಂದ ಚರ್ಚೆಯಲ್ಲಿದೆ. ಒಂದು ದೊಡ್ಡ ಕಂಪ್ಯೂಟರನ್ನು ಹತ್ತಾರು ಜನ ಹಂಚಿಕೊಂಡು ಬಳಸಬೇಕೋ, ಅಥವಾ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಒಂದು 'ವರ್ಚುವಲ್ ಮಶೀನ್' ಕೊಡಬೇಕೋ?

ಈ ಬಗ್ಗೆ ಓಡಾಡುವ ಮಾತುಗಳು ಹಲವು. "ಹಂಚಿಕೊಂಡ ಕಂಪ್ಯೂಟರ್‌ನಲ್ಲಿ ಗುಟ್ಟೇ ಉಳಿಯುವುದಿಲ್ಲ", "ನಿಮ್ಮದೇ ವರ್ಚುವಲ್ ಮಶೀನ್ ಇದ್ದರೆ ಯಾವ ವೈರಸ್ಸೂ ಏನೂ ಮಾಡಲಾರದು", "ಹಂಚಿಕೊಳ್ಳುವುದು ಹಳೆಯ ಕಾಲದ ಪದ್ಧತಿ". ಮೂರರಲ್ಲೂ ಸ್ವಲ್ಪ ಸತ್ಯವಿದೆ, ಮೂರೂ ಪೂರ್ತಿ ಸತ್ಯವಲ್ಲ. ಯಾಕೆ ಅಂತ ನೋಡೋಣ.

ಮೊದಲು, ಎರಡು ಏರ್ಪಾಡುಗಳ ಪರಿಚಯ

ಹಳೆಯ ಬೆಂಗಳೂರು, ಮೈಸೂರಿನಲ್ಲಿ ಬೆಳೆದವರಿಗೆ ವಠಾರ ಗೊತ್ತು. ಒಂದೇ ಹೆಬ್ಬಾಗಿಲು. ಒಳಗೆ ಸಾಲಾಗಿ ಪುಟ್ಟ ಪುಟ್ಟ ಮನೆಗಳು. ಎಲ್ಲರಿಗೂ ಒಂದೇ ನಲ್ಲಿ, ಒಂದೇ ಅಂಗಳ, ಒಬ್ಬರೇ ಮಾಲೀಕರು. ಪ್ರತಿ ಮನೆಗೂ ಬೀಗ ಇದೆ. ಆದರೆ ಗೋಡೆ ತೆಳುವು. ಪಕ್ಕದ ಮನೆಯ ಒಗ್ಗರಣೆಯ ಘಮ, ಜಗಳದ ಸದ್ದು ಎರಡೂ ಈಚೆಗೆ ಬರುತ್ತವೆ.

ಹಂಚಿಕೊಂಡ ಕಂಪ್ಯೂಟರ್ ಎಂದರೆ ಇಂಥದ್ದೇ ವಠಾರ. ಯಂತ್ರ ಒಂದು, ಅದರ ಆಪರೇಟಿಂಗ್ ಸಿಸ್ಟಮ್ (ಸಾಮಾನ್ಯವಾಗಿ ಲಿನಕ್ಸ್) ಒಂದು. ಅದರೊಳಗೆ ಇಪ್ಪತ್ತು ಡೆವಲಪರ್‌ಗಳಿಗೆ ಇಪ್ಪತ್ತು ಖಾತೆಗಳು. ಪ್ರತಿಯೊಬ್ಬರೂ ತಮ್ಮ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ ತಮ್ಮ ಫೋಲ್ಡರ್‌ನಲ್ಲಿ ಕೆಲಸ ಮಾಡುತ್ತಾರೆ.

ವರ್ಚುವಲ್ ಮಶೀನ್, ಚುಟುಕಾಗಿ ವಿಎಂ, ಅಪಾರ್ಟ್‌ಮೆಂಟ್ ಇದ್ದಂತೆ. ಕಟ್ಟಡ ಒಂದೇ, ತಳಪಾಯ ಒಂದೇ. ಆದರೆ ಪ್ರತಿ ಫ್ಲ್ಯಾಟ್‌ಗೂ ತನ್ನದೇ ಅಡುಗೆಮನೆ, ತನ್ನದೇ ಬಚ್ಚಲು. 'ಹೈಪರ್‌ವೈಸರ್' ಎಂಬ ತಂತ್ರಾಂಶ ಒಂದು ನಿಜವಾದ ಯಂತ್ರದ ಮೇಲೆ ಹಲವು ಕಾಲ್ಪನಿಕ ಯಂತ್ರಗಳನ್ನು ಸೃಷ್ಟಿಸುತ್ತದೆ. ಪ್ರತಿಯೊಂದು ಕಾಲ್ಪನಿಕ ಯಂತ್ರದಲ್ಲೂ ಬೇರೆಯದೇ ಆಪರೇಟಿಂಗ್ ಸಿಸ್ಟಮ್ ಓಡುತ್ತದೆ. ಒಂದರಲ್ಲಿ ವಿಂಡೋಸ್, ಪಕ್ಕದ್ದರಲ್ಲಿ ಲಿನಕ್ಸ್ ಇರಬಹುದು. ಒಳಗಿರುವ ವ್ಯವಸ್ಥೆಗೆ ತಾನು ಇಡೀ ಯಂತ್ರದ ಒಡೆಯ ಅನ್ನಿಸುತ್ತದೆ.

ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸ ಇಷ್ಟೇ: ಗೋಡೆ ಎಲ್ಲಿದೆ? ಹಂಚಿಕೊಂಡ ಯಂತ್ರದಲ್ಲಿ ಗೋಡೆ ಕಟ್ಟುವುದು ಆಪರೇಟಿಂಗ್ ಸಿಸ್ಟಮ್. ವಿಎಂನಲ್ಲಿ ಆ ಗೋಡೆ ಆಪರೇಟಿಂಗ್ ಸಿಸ್ಟಮ್‌ಗಿಂತ ಒಂದು ಮೆಟ್ಟಿಲು ಕೆಳಗೆ, ಹೈಪರ್‌ವೈಸರ್‌ನಲ್ಲಿರುತ್ತದೆ. ಮುಂದೆ ಹೇಳುವ ಲಾಭ ನಷ್ಟಗಳೆಲ್ಲ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ನಂಬಿಕೆ 1: ಹಂಚಿಕೆ ಹಳೆಯದು, ವರ್ಚುವಲ್ ಮಶೀನ್ ಹೊಸದು

ನಿಜ ಏನೆಂದರೆ ಎರಡೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು.

1960ರ ಹೊತ್ತಿಗೆ ಕಂಪ್ಯೂಟರ್ ಎಂದರೆ ಒಂದು ಕೋಣೆ ತುಂಬುವ, ಲಕ್ಷಾಂತರ ಡಾಲರ್ ಬೆಲೆಯ ಯಂತ್ರ. ಒಬ್ಬರು ಯೋಚಿಸುತ್ತ ಕೂತರೆ ಅಷ್ಟು ದುಬಾರಿ ಯಂತ್ರ ಸುಮ್ಮನೆ ಇರಬೇಕಿತ್ತು. ಅಮೆರಿಕದ ಎಂಐಟಿಯಲ್ಲಿ ಫೆರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಇದಕ್ಕೊಂದು ಉಪಾಯ ಮಾಡಿದರು. ಯಂತ್ರ ಪ್ರತಿಯೊಬ್ಬರ ಕೆಲಸವನ್ನೂ ಕ್ಷಣದಷ್ಟು ಹೊತ್ತು ಮಾಡಿ ಮುಂದಿನವರ ಕೆಲಸಕ್ಕೆ ಹೋಗುತ್ತದೆ. ಸರದಿ ಎಷ್ಟು ಬೇಗ ತಿರುಗುತ್ತದೆ ಎಂದರೆ ಪ್ರತಿಯೊಬ್ಬರಿಗೂ ಯಂತ್ರ ತನ್ನದೇ ಎನ್ನಿಸುತ್ತದೆ. ಸಿಟಿಎಸ್ಎಸ್ ಹೆಸರಿನ ಈ ವ್ಯವಸ್ಥೆಯನ್ನು ಮೊದಲು ತೋರಿಸಿದ್ದು 1961ರ ನವೆಂಬರ್‌ನಲ್ಲಿ. ಖಾತೆಗೊಂದು ಪಾಸ್‌ವರ್ಡ್ ಎಂಬ ಪದ್ಧತಿಯೂ ಕಂಪ್ಯೂಟರ್ ಲೋಕದಲ್ಲಿ ಬೇರೂರಿದ್ದು ಇಂಥ ಹಂಚಿಕೆಯ ಯಂತ್ರಗಳಿಂದಲೇ.

ಅದೇ ದಶಕದ ಮಧ್ಯದಲ್ಲಿ, ಅದೇ ಕೇಂಬ್ರಿಜ್ ಪಟ್ಟಣದಲ್ಲಿ, ಐಬಿಎಂನ ಸಂಶೋಧಕರು ಬೇರೆ ದಾರಿ ಹಿಡಿದರು. ಸಮಯವನ್ನು ಮಾತ್ರ ಹಂಚುವುದೇಕೆ, ಪ್ರತಿಯೊಬ್ಬರಿಗೂ ಇಡೀ ಯಂತ್ರದ ನಕಲನ್ನೇ ಕೊಟ್ಟರಾಯಿತಲ್ಲ? ಸಿಪಿ-40, ಆಮೇಲೆ ಸಿಪಿ-67 ಎಂಬ ವ್ಯವಸ್ಥೆಗಳು ಹೀಗೆ ಬಂದವು. 1972ರಲ್ಲಿ ಐಬಿಎಂ ಇದನ್ನೇ ವಿಎಂ/370 ಎಂಬ ಹೆಸರಿನಲ್ಲಿ ಗ್ರಾಹಕರಿಗೆ ಕೊಟ್ಟಿತು.

ಹಾಗಾದರೆ ವಿಎಂ ಹೊಸದು ಎಂಬ ಭಾವನೆ ಯಾಕೆ ಬಂತು? ನಡುವೆ ಪರ್ಸನಲ್ ಕಂಪ್ಯೂಟರ್‌ಗಳು ಬಂದವು. ಅವುಗಳಲ್ಲಿದ್ದ ಇಂಟೆಲ್ ಮಾದರಿಯ ಚಿಪ್‌ಗಳು ಇಂಥ ಕೆಲಸಕ್ಕೆಂದು ಮಾಡಿದವಲ್ಲ. 1998ರಲ್ಲಿ ಶುರುವಾದ ವಿಎಂವೇರ್ ಕಂಪನಿ ಮಾರನೆಯ ವರ್ಷ ಆ ಚಿಪ್‌ಗಳ ಮೇಲೂ ವಿಎಂ ಓಡಿಸಿ ತೋರಿಸಿತು. 2005-06ರಲ್ಲಿ ಇಂಟೆಲ್ ಮತ್ತು ಎಎಂಡಿ ಚಿಪ್‌ಗಳೇ ವಿಎಂಗೆ ನೆರವಾಗುವ ಸೌಲಭ್ಯದೊಂದಿಗೆ ಬರತೊಡಗಿದವು. 2006ರ ಆಗಸ್ಟ್‌ನಲ್ಲಿ ಅಮೆಜಾನ್ ಗಂಟೆಯ ಲೆಕ್ಕದಲ್ಲಿ ವಿಎಂ ಬಾಡಿಗೆಗೆ ಕೊಡಲು ಶುರುಮಾಡಿತು. ಇಂದು ನಾವು 'ಕ್ಲೌಡ್' ಎನ್ನುವುದರ ಬುನಾದಿ ಇದೇ.

ಹಂಚಿಕೆಯೂ ಸತ್ತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ 'ಪರಮ್ ಪ್ರವೇಗ' ಸೂಪರ್‌ಕಂಪ್ಯೂಟರನ್ನೇ ನೋಡಿ. 3.3 ಪೆಟಾಫ್ಲಾಪ್ ಸಾಮರ್ಥ್ಯದ, ಅಂದರೆ ಸೆಕೆಂಡಿಗೆ ಮೂರು ಸಾವಿರ ಲಕ್ಷ ಕೋಟಿಗೂ ಹೆಚ್ಚು ಲೆಕ್ಕ ಮಾಡಬಲ್ಲ ಯಂತ್ರ ಅದು. ಅಂಥದ್ದನ್ನು ಒಬ್ಬರಿಗೊಂದು ಕೊಡಲು ಯಾರಿಂದಲೂ ಆಗದು. ಸಂಶೋಧಕರು ಖಾತೆ ಪಡೆದು, ತಮ್ಮ ಕೆಲಸವನ್ನು ಸರದಿಗೆ ಹಾಕಿ, ಹಂಚಿಕೊಂಡೇ ಬಳಸಬೇಕು.

ನಂಬಿಕೆ 2: ಹಂಚಿಕೊಂಡ ಯಂತ್ರದಲ್ಲಿ ಎಲ್ಲರ ಗುಟ್ಟೂ ರಟ್ಟು

ಇದು ಅರ್ಧ ಸತ್ಯ.

ಲಿನಕ್ಸ್‌ನಂಥ ವ್ಯವಸ್ಥೆಯಲ್ಲಿ ಪ್ರತಿಯೊಂದು ಫೈಲಿಗೂ ಒಬ್ಬ ಒಡೆಯ ಇರುತ್ತಾನೆ. ಒಡೆಯನಿಗೆ, ಅವನ ಗುಂಪಿಗೆ, ಉಳಿದವರಿಗೆ ಹೀಗೆ ಮೂರು ಪಾಲಿನಲ್ಲಿ ಓದುವ, ಬರೆಯುವ, ಓಡಿಸುವ ಅನುಮತಿಗಳನ್ನು ಬೇರೆ ಬೇರೆಯಾಗಿ ಕೊಡಬಹುದು. ಒಬ್ಬರ ಪ್ರೋಗ್ರಾಮ್ ಮೆಮೊರಿಯಲ್ಲಿ ಇಟ್ಟುಕೊಂಡಿದ್ದನ್ನು ಇನ್ನೊಬ್ಬರ ಪ್ರೋಗ್ರಾಮ್ ಓದಲು ಹೋದರೆ ಚಿಪ್ಪೇ ತಡೆಯುತ್ತದೆ. ಅಂದರೆ ಬೀಗ ಇದೆ, ಗಟ್ಟಿಯಾಗಿಯೇ ಇದೆ.

ತೊಂದರೆ ಬರುವುದು ಹೆಚ್ಚಾಗಿ ಬೀಗ ಹಾಕಿಕೊಳ್ಳದೇ ಇದ್ದಾಗ. ಜನಪ್ರಿಯ ಉಬುಂಟು ಲಿನಕ್ಸ್‌ನಲ್ಲಿ 2021ರ ಏಪ್ರಿಲ್ ತನಕ ಹೊಸ ಬಳಕೆದಾರರ ಹೋಮ್ ಫೋಲ್ಡರ್ ಅದೇ ಯಂತ್ರದ ಉಳಿದ ಬಳಕೆದಾರರಿಗೆ ತೆರೆದೇ ಇರುತ್ತಿತ್ತು. ಬೇಡವಾದರೆ ನೀವೇ ಮುಚ್ಚಬೇಕಿತ್ತು. 21.04 ಆವೃತ್ತಿಯಿಂದ ಅದು ತಾನಾಗಿಯೇ ಮುಚ್ಚಿರುತ್ತದೆ. ಹಾಗೆಯೇ, ಕಮಾಂಡ್ ಕೊಡುವಾಗ ಅದೇ ಸಾಲಿನಲ್ಲಿ ಪಾಸ್‌ವರ್ಡ್ ಬರೆದರೆ, ಆ ಪ್ರೋಗ್ರಾಮ್ ಓಡುವಷ್ಟು ಹೊತ್ತು ಸಾಮಾನ್ಯ ಲಿನಕ್ಸ್ ಯಂತ್ರದ ಇತರ ಬಳಕೆದಾರರಿಗೂ ಆ ಸಾಲು ಕಾಣುತ್ತದೆ. ಅಂಗಳದಲ್ಲಿ ನಿಂತು ಬ್ಯಾಂಕ್ ಪಿನ್ ಕೂಗಿ ಹೇಳಿದ ಹಾಗೆ.

ತೆಳು ಗೋಡೆಯ ಅಪಾಯವನ್ನು ಚೆನ್ನಾಗಿ ತೋರಿಸುವ ಘಟನೆ ಮೇಲೆ ಹೇಳಿದ ಸಿಟಿಎಸ್ಎಸ್‌ನಲ್ಲೇ 1966ರಲ್ಲಿ ನಡೆಯಿತು. ಆ ವ್ಯವಸ್ಥೆಯ ಎಡಿಟರ್ ಪ್ರೋಗ್ರಾಮ್ ಕೆಲಸ ಮಾಡುವಾಗ ಒಂದು ತಾತ್ಕಾಲಿಕ ಫೈಲ್ ಮಾಡಿಕೊಳ್ಳುತ್ತಿತ್ತು. ಅದಕ್ಕೆ ಯಾವಾಗಲೂ ಒಂದೇ ಹೆಸರು. ಒಂದು ಫೋಲ್ಡರ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಕೆಲಸ ಮಾಡುತ್ತಾರೆ ಎಂಬುದು ಅದನ್ನು ಬರೆದವರ ಎಣಿಕೆ. ಆಮೇಲೆ, ಅನುಕೂಲಕ್ಕೆಂದು ವ್ಯವಸ್ಥೆ ನೋಡಿಕೊಳ್ಳುವ ಸಿಬ್ಬಂದಿಗೆ ಒಂದೇ ಫೋಲ್ಡರ್ ಹಂಚಿಕೊಳ್ಳಲು ಬಿಟ್ಟರು. ಒಂದು ದಿನ ಒಬ್ಬರು ಅಲ್ಲಿ ಎಲ್ಲರಿಗೂ ತೋರಿಸುವ ದಿನದ ಸೂಚನೆಯನ್ನು ತಿದ್ದುತ್ತಿದ್ದರು, ಇನ್ನೊಬ್ಬರು ಅದೇ ಹೊತ್ತಿಗೆ ಪಾಸ್‌ವರ್ಡ್ ಪಟ್ಟಿಯನ್ನು ತಿದ್ದುತ್ತಿದ್ದರು. ತಾತ್ಕಾಲಿಕ ಫೈಲುಗಳು ಅದಲುಬದಲಾದವು. ಆಮೇಲೆ ಲಾಗಿನ್ ಆದವರಿಗೆಲ್ಲ ದಿನದ ಸೂಚನೆಯ ಬದಲು ಎಲ್ಲರ ಪಾಸ್‌ವರ್ಡ್ ಪಟ್ಟಿ ಕಾಣಿಸಿತು!

ಇಲ್ಲಿ ಯಾರೂ ಕಳ್ಳರಲ್ಲ. ಯಾವ ಬೀಗವೂ ಮುರಿಯಲಿಲ್ಲ. 'ಇಲ್ಲಿ ನಾನೊಬ್ಬನೇ ಇದ್ದೇನೆ' ಎಂದುಕೊಂಡ ಒಂದು ಪ್ರೋಗ್ರಾಮ್ ಸಾಕಾಯಿತು. ಇಂದಿಗೂ ಲಿನಕ್ಸ್‌ನ ತಾತ್ಕಾಲಿಕ ಫೋಲ್ಡರ್ ಎಲ್ಲ ಬಳಕೆದಾರರಿಗೂ ಸೇರಿ ಒಂದೇ. ಅಲ್ಲಿ ಊಹಿಸಬಹುದಾದ ಹೆಸರಿನ ಫೈಲ್ ಮಾಡುವ ಪ್ರೋಗ್ರಾಮ್‌ಗಳಿಂದ ಇದೇ ಜಾತಿಯ ತೊಂದರೆಗಳು ಆಗಾಗ ತಲೆ ಎತ್ತುತ್ತವೆ.

ಇನ್ನು ಕಳ್ಳರ ವಿಚಾರ. ಎಲ್ಲರ ನಡುವಿನ ಗೋಡೆಯನ್ನು ಕಾಯುವುದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ 'ಕರ್ನಲ್'. ಅದರಲ್ಲಿ ಒಂದು ಬಿರುಕು ಸಿಕ್ಕರೆ ಸಾಮಾನ್ಯ ಬಳಕೆದಾರ ಕೂಡ 'ರೂಟ್' ಆಗಬಹುದು. ರೂಟ್ ಎಂದರೆ ವಠಾರದ ಎಲ್ಲ ಮನೆಗಳ ಕೀಲಿಗೊಂಚಲು ಹಿಡಿದವರು. 2016ರ ಅಕ್ಟೋಬರ್‌ನಲ್ಲಿ ಬಯಲಾದ 'ಡರ್ಟಿ ಕೌ' ಎಂಬ ದೋಷ ಲಿನಕ್ಸ್ ಕರ್ನಲ್‌ನಲ್ಲಿ ಒಂಬತ್ತು ವರ್ಷ ಅಡಗಿ ಕುಳಿತಿತ್ತು. 2021ರ ಜನವರಿಯಲ್ಲಿ ಹೊರಬಂದ 'ಸುಡೊ' ಎಂಬ ಉಪಕರಣದ ದೋಷವೂ ಅಷ್ಟೇ, ಸುಮಾರು ಹತ್ತು ವರ್ಷ ಹಳೆಯದು. ಒಬ್ಬರೇ ಬಳಸುವ ಯಂತ್ರದಲ್ಲಿ ಇಂಥ ದೋಷದ ಹಾನಿ ಸಾಮಾನ್ಯವಾಗಿ ಆ ಒಬ್ಬರಿಗೇ ಸೀಮಿತ. ಇಪ್ಪತ್ತು ಜನರ ಯಂತ್ರದಲ್ಲಿ ಒಬ್ಬರ ಖಾತೆ ಕಳ್ಳರ ಕೈಗೆ ಸಿಕ್ಕರೆ ಇಪ್ಪತ್ತೂ ಮನೆಗಳಿಗೆ ಅಪಾಯ.

ನಂಬಿಕೆ 3: ಸ್ವಂತ ವರ್ಚುವಲ್ ಮಶೀನ್ ಇದ್ದರೆ ಭಯವೇ ಇಲ್ಲ

ಇದು ಹೆಚ್ಚು ಅಪಾಯಕಾರಿ ನಂಬಿಕೆ. ಯಾಕೆಂದರೆ ಇದನ್ನು ನಂಬಿದವರು ಎಚ್ಚರ ತಪ್ಪುತ್ತಾರೆ.

ವಿಎಂಗಳ ನಡುವಿನ ಗೋಡೆ ದಪ್ಪ, ನಿಜ. ಹೈಪರ್‌ವೈಸರ್ ಮಾಡಬೇಕಾದ ಕೆಲಸಗಳು ಕರ್ನಲ್‌ಗಿಂತ ಕಡಿಮೆ, ಹೊರಗಿನಿಂದ ಅದನ್ನು ತಟ್ಟಬಹುದಾದ ಬಾಗಿಲುಗಳೂ ಕಡಿಮೆ. ಆದರೆ ಬಾಗಿಲೇ ಇಲ್ಲ ಎಂದಲ್ಲ. 2015ರ ಮೇ ತಿಂಗಳಲ್ಲಿ 'ವೆನಮ್' ಎಂಬ ದೋಷ ಸುದ್ದಿಯಾಯಿತು. ಅದು ಇದ್ದದ್ದು ಎಲ್ಲಿ ಗೊತ್ತೇ? ಫ್ಲಾಪಿ ಡಿಸ್ಕ್ ಡ್ರೈವ್‌ನ ಅನುಕರಣೆಯಲ್ಲಿ! ಕಾಲ್ಪನಿಕ ಯಂತ್ರಕ್ಕೆ ಎಲ್ಲ ಬಿಡಿಭಾಗಗಳೂ ಬೇಕಲ್ಲ, ಹಾಗಾಗಿ ಯಾರೂ ಬಳಸದ ಫ್ಲಾಪಿಯನ್ನೂ ಅನುಕರಿಸುವ ಕೋಡ್ ಕ್ಯೂಇಎಂಯು ಎಂಬ ತಂತ್ರಾಂಶದಲ್ಲಿ ಉಳಿದಿತ್ತು. 2004ರಿಂದ ಇದ್ದ ಆ ದೋಷದ ಮೂಲಕ ಒಂದು ವಿಎಂನಿಂದ ಹೊರಗೆ ಜಿಗಿಯುವ ಸಾಧ್ಯತೆ ಇತ್ತು.

2018ರ ಜನವರಿಯಲ್ಲಿ ಬಯಲಾದ 'ಮೆಲ್ಟ್‌ಡೌನ್' ಮತ್ತು 'ಸ್ಪೆಕ್ಟರ್' ದೋಷಗಳು ಇನ್ನೂ ಆಳದವು. ಅವು ಇದ್ದದ್ದು ತಂತ್ರಾಂಶದಲ್ಲಲ್ಲ, ಚಿಪ್ಪಿನಲ್ಲಿ. ಚಿಪ್ ವೇಗಕ್ಕಾಗಿ ಮುಂದೇನು ಬೇಕಾಗಬಹುದು ಎಂದು ಊಹಿಸಿ ಕೆಲಸವನ್ನು ಮೊದಲೇ ಮಾಡಿಟ್ಟುಕೊಳ್ಳುತ್ತದೆ. ಊಹೆ ತಪ್ಪಾದರೆ ಅಳಿಸಿಬಿಡುತ್ತದೆ. ಆದರೆ ಅಳಿಸಿದ ಮೇಲೂ ಉಳಿಯುವ ಕುರುಹಿನಿಂದ ಬೇರೆಯವರ ಮಾಹಿತಿಯನ್ನು ಕದಿಯಬಹುದು ಎಂದು ಸಂಶೋಧಕರು ತೋರಿಸಿದರು. ಒಂದೇ ಚಿಪ್ಪಿನ ಮೇಲೆ ಅಕ್ಕಪಕ್ಕ ಇದ್ದ ವಿಎಂಗಳಿಗೂ ಆ ಆತಂಕ ತಟ್ಟಿತು. ಕ್ಲೌಡ್ ಕಂಪನಿಗಳು ತಮ್ಮ ಯಂತ್ರಗಳಿಗೆಲ್ಲ ತರಾತುರಿಯಲ್ಲಿ ತೇಪೆ ಹಾಕಬೇಕಾಯಿತು. ಅಪಾರ್ಟ್‌ಮೆಂಟಿನ ಗೋಡೆ ಎಷ್ಟೇ ದಪ್ಪ ಇದ್ದರೂ ತಳಪಾಯ ಒಂದೇ ಎಂಬುದನ್ನು ಈ ಘಟನೆ ನೆನಪಿಸಿತು.

ಆದರೆ ಇಂಥ ದೊಡ್ಡ ದೋಷಗಳಿಗಿಂತ ದಿನನಿತ್ಯದ ಅಪಾಯ ಬೇರೆಯೇ ಇದೆ. ಅದು ಉಸ್ತುವಾರಿಯದು. ವಠಾರದಲ್ಲಿ ಸೂರು ಸೋರಿದರೆ ಮಾಲೀಕರು ನೋಡಿಕೊಳ್ಳುತ್ತಾರೆ. ಸ್ವಂತ ಮನೆಯಲ್ಲಿ? ನೀವೇ ನೋಡಿಕೊಳ್ಳಬೇಕು. ಹಂಚಿಕೊಂಡ ಯಂತ್ರಕ್ಕೆ ಭದ್ರತೆಯ ಅಪ್‌ಡೇಟ್ ಹಾಕುವುದು ಒಬ್ಬ ಅನುಭವಿ ನಿರ್ವಾಹಕರು, ಒಂದು ಸಲ. ಇಪ್ಪತ್ತು ವಿಎಂಗಳಿದ್ದರೆ ಅದೇ ಕೆಲಸ ಇಪ್ಪತ್ತು ಸಲ ಆಗಬೇಕು. ಡೆವಲಪರ್‌ಗಳ ಗಮನ ಇರುವುದು ತಮ್ಮ ಕೋಡ್ ಮೇಲೆ. "ಆಮೇಲೆ ನೆನಪಿಸು" ಎಂಬ ಗುಂಡಿಯನ್ನು ನಾವು ಫೋನಿನಲ್ಲಿ ಎಷ್ಟು ಸಲ ಒತ್ತುತ್ತೇವೋ ಅವರೂ ಅಷ್ಟೇ ಸಲ ಒತ್ತುತ್ತಾರೆ. ಯೋಜನೆ ಮುಗಿದು, ಡೆವಲಪರ್ ಕೆಲಸ ಬಿಟ್ಟು ಹೋಗಿ, ಯಾರಿಗೂ ನೆನಪಿಲ್ಲದೆ ಇಂಟರ್ನೆಟ್‌ಗೆ ತೆರೆದುಕೊಂಡು ಓಡುತ್ತಲೇ ಇರುವ ವಿಎಂ ಕಳ್ಳರಿಗೆ ತುಂಬ ಇಷ್ಟವಾದ ಮನೆ. ಕ್ಲೌಡ್‌ನಲ್ಲಿದ್ದರೆ ಅದರ ಬಾಡಿಗೆಯೂ ಪ್ರತಿ ತಿಂಗಳು ಹೋಗುತ್ತಿರುತ್ತದೆ. ಓಡುವುದನ್ನು ನಿಲ್ಲಿಸಿದರೂ ಅದರ ಡಿಸ್ಕ್ ಉಳಿಸಿಕೊಂಡಿದ್ದಕ್ಕೆ ಸಾಮಾನ್ಯವಾಗಿ ಹಣ ಕೊಡಬೇಕು.

'ವೈಯಕ್ತಿಕ' ಎಂಬ ಪದವೂ ಇಲ್ಲಿ ದಾರಿ ತಪ್ಪಿಸುತ್ತದೆ. ಹಂಚಿಕೊಂಡ ಯಂತ್ರದಲ್ಲಿ ರೂಟ್ ಅಧಿಕಾರ ಇರುವವರು ನಿಮ್ಮ ಫೈಲುಗಳನ್ನು ನೋಡಬಲ್ಲರು. ಸಾಮಾನ್ಯವಾದ ವಿಎಂನಲ್ಲೂ ಅಷ್ಟೇ, ಕೆಳಗಿನ ನಿಜವಾದ ಯಂತ್ರ ಯಾರ ಕೈಯಲ್ಲಿದೆಯೋ ಅವರಿಗೆ ಒಳಗಿನ ಡಿಸ್ಕ್, ಮೆಮೊರಿ ಎರಡೂ ಎಟಕುತ್ತವೆ. ಕಂಪನಿ ಕೊಟ್ಟ 'ನಿಮ್ಮದೇ' ವಿಎಂನಲ್ಲಿ ಮನೆಯ ಲೆಕ್ಕಪತ್ರ, ಆಧಾರ್ ಪ್ರತಿ, ಕುಟುಂಬದ ಫೋಟೋ ಇಡದಿರುವುದೇ ಒಳ್ಳೆಯದು.

ನಂಬಿಕೆ 4: ಪ್ರತ್ಯೇಕ ಕೊಟ್ಟರೆ ವೇಗ ಹೆಚ್ಚು

ಒಂದು ಸಣ್ಣ ಲೆಕ್ಕ ಹಾಕೋಣ. ಕಚೇರಿಯಲ್ಲಿ 128 ಜಿಬಿ ಮೆಮೊರಿಯ ಒಂದು ಸರ್ವರ್, 20 ಡೆವಲಪರ್‌ಗಳು. ಹೈಪರ್‌ವೈಸರ್‌ನ ಸ್ವಂತ ಬಳಕೆಗೆ 8 ಜಿಬಿ ಬಿಟ್ಟರೆ ಉಳಿದದ್ದು 120. ಸಮನಾಗಿ ಹಂಚಿದರೆ ಒಂದೊಂದು ವಿಎಂಗೆ 6 ಜಿಬಿ. ಅದರಲ್ಲಿ ಸುಮಾರು 1 ಜಿಬಿ ಆ ವಿಎಂನ ಆಪರೇಟಿಂಗ್ ಸಿಸ್ಟಮ್‌ಗೇ ಹೋಯಿತು ಎನ್ನಿ. ಅಲ್ಲಿಗೆ ಒಂದೇ ಬಗೆಯ ಆಪರೇಟಿಂಗ್ ಸಿಸ್ಟಮ್ ಇಪ್ಪತ್ತು ಸಲ ಓಡುವುದಕ್ಕೇ 20 ಜಿಬಿ ಖರ್ಚು. ಡಿಸ್ಕ್‌ನಲ್ಲೂ ಅದೇ ಕಥೆ, ಇಪ್ಪತ್ತು ನಕಲುಗಳು.

ಈಗ ಒಬ್ಬರಿಗೆ ದೊಡ್ಡ ಪ್ರೋಗ್ರಾಮ್ ಸಿದ್ಧಪಡಿಸಲು ಅರ್ಧ ಗಂಟೆ 20 ಜಿಬಿ ಬೇಕು. ಉಳಿದ 19 ಜನ ಊಟಕ್ಕೆ ಹೋಗಿದ್ದಾರೆ, ಸರ್ವರ್ ಬಹುಪಾಲು ಖಾಲಿ. ಆದರೂ ಅವರ ವಿಎಂಗೆ ಗೊತ್ತುಮಾಡಿದ್ದು 6 ಜಿಬಿ ಅಷ್ಟೇ. ಕೆಲಸ ಆಗುವುದಿಲ್ಲ. ಹಂಚಿಕೊಂಡ ಯಂತ್ರದಲ್ಲಿ ಇದೇ ಕೆಲಸ ಸಲೀಸು, ಖಾಲಿ ಇರುವುದೆಲ್ಲ ಬೇಕಾದವರಿಗೆ ಸಿಗುತ್ತದೆ. ಒಂದು ವಿಎಂನಲ್ಲಿ ಸುಮ್ಮನಿರುವ ಮೆಮೊರಿಯನ್ನು ಇನ್ನೊಂದಕ್ಕೆ ಕೊಡುವ ಉಪಾಯಗಳು ಇವೆ. ಆದರೆ ಒಳಗಿನ ವ್ಯವಸ್ಥೆಗೆ ಎಷ್ಟು ನಿಜವಾಗಿ ಬೇಕು ಎಂಬುದು ಹೊರಗಿನ ಹೈಪರ್‌ವೈಸರ್‌ಗೆ ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಆ ಕೊಡುಕೊಳ್ಳುವಿಕೆ ಅಷ್ಟು ಸಲೀಸಲ್ಲ.

ಇದರ ಇನ್ನೊಂದು ಮುಖವನ್ನೂ ನೋಡಿ. ಹಂಚಿಕೊಂಡ ಯಂತ್ರದಲ್ಲಿ ಐದು ಜನ ಒಟ್ಟಿಗೆ ತಲಾ 30 ಜಿಬಿ ಬೇಡುವ ಕೆಲಸ ಶುರುಮಾಡಿದರೆ ಬೇಕಾದ್ದು 150, ಇರುವುದು 128. ಆಗ ಲಿನಕ್ಸ್ ಏನು ಮಾಡುತ್ತದೆ? ಇಡೀ ಯಂತ್ರ ಕುಸಿಯದಿರಲಿ ಎಂದು ಯಾವುದೋ ಒಂದು ಪ್ರೋಗ್ರಾಮನ್ನು ಆರಿಸಿ ಕೊಲ್ಲುತ್ತದೆ. ಬಲಿಯಾದದ್ದು ಆರನೆಯವರ, ಬೆಳಗಿನಿಂದ ಓಡುತ್ತಿದ್ದ ಕೆಲಸವೂ ಆಗಿರಬಹುದು. ನಲ್ಲಿಯಲ್ಲಿ ನೀರು ಬಂದಾಗ ಒಂದೇ ಮನೆಯವರು ಎಲ್ಲ ಕೊಡ ತುಂಬಿಕೊಂಡರೆ ವಠಾರದಲ್ಲಿ ಏನಾಗುತ್ತದೋ ಅದೇ.

ಒಟ್ಟಿನಲ್ಲಿ, ಹಂಚಿಕೆಯಲ್ಲಿ ಸರಾಸರಿ ಲಾಭ ಹೆಚ್ಚು, ವಿಎಂನಲ್ಲಿ ಖಾತರಿ ಹೆಚ್ಚು. 6 ಜಿಬಿ ಎಂದರೆ 6 ಜಿಬಿ. ಹೆಚ್ಚಿಗೆ ಸಿಗದು, ಆದರೆ ಮೆಮೊರಿ ತುಂಬಿಹೋಗಿ ನಿಮ್ಮ ಕೆಲಸ ನಿಂತರೆ ಅದಕ್ಕೆ ಕಾರಣ ಪಕ್ಕದವರಾಗಿರುವುದಿಲ್ಲ.

ಡೆವಲಪರ್‌ಗಳು ವಿಎಂ ಕೇಳುವುದು ಯಾಕೆ?

ಕಚೇರಿಗಳಲ್ಲಿ ಈ ವಾದ ಶುರುವಾಗುವುದು ಸಾಮಾನ್ಯವಾಗಿ ಭದ್ರತೆಯಿಂದಲ್ಲ, ತೀರ ಸಣ್ಣ ಕಾರಣದಿಂದ. ಒಬ್ಬರ ಯೋಜನೆಗೆ ಪೈಥಾನ್ ಭಾಷೆಯ ಹಳೆಯ ಆವೃತ್ತಿ ಬೇಕು, ಇನ್ನೊಬ್ಬರಿಗೆ ಹೊಸದು. ಒಬ್ಬರು ಡೇಟಾಬೇಸ್ ನಿಲ್ಲಿಸಿ ಮತ್ತೆ ಶುರುಮಾಡಿ ನೋಡಬೇಕು, ಇನ್ನೊಬ್ಬರ ಪರೀಕ್ಷೆ ಅದರ ಮೇಲೆಯೇ ಓಡುತ್ತಿದೆ. ತಂತ್ರಾಂಶ ಹಾಕಿಕೊಳ್ಳಲು ಪ್ರತಿ ಸಲ ನಿರ್ವಾಹಕರಿಗೆ ಮನವಿ ಕಳಿಸಿ ಎರಡು ದಿನ ಕಾಯಬೇಕು. ಕಾದು ಬೇಸತ್ತವರು ರೂಟ್ ಅಧಿಕಾರ ಕೇಳುತ್ತಾರೆ. ಹಂಚಿಕೊಂಡ ಯಂತ್ರದಲ್ಲಿ ಒಬ್ಬರಿಗೆ ರೂಟ್ ಕೊಟ್ಟರೆ ಎಲ್ಲರ ಕೀಲಿಯನ್ನೂ ಅವರಿಗೆ ಕೊಟ್ಟಂತೆ. ವಿಎಂನಲ್ಲಿ ಕೊಟ್ಟರೆ ಅವರ ಮನೆಯ ಕೀಲಿ ಅವರಿಗೆ, ಅಷ್ಟೇ. ಏನಾದರೂ ಕೆಡಿಸಿಕೊಂಡರೆ ಹಿಂದಿನ ಸ್ಥಿತಿಯ ನಕಲನ್ನು ಮರಳಿ ತರಬಹುದು, ಇಲ್ಲವೇ ಅಳಿಸಿ ಹೊಸದು ಮಾಡಬಹುದು.

ಇನ್ನೊಂದು ಗಂಭೀರ ಕಾರಣವೂ ಇದೆ. ಇಂದಿನ ಡೆವಲಪರ್‌ಗಳು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಇತರರು ಬರೆದು ಹಂಚಿದ ನೂರಾರು ಪ್ಯಾಕೇಜುಗಳನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳುತ್ತಾರೆ. ಅವುಗಳಲ್ಲಿ ಒಂದರಲ್ಲಿ ವಿಷ ಬೆರೆತಿದ್ದರೆ? 2018ರಲ್ಲಿ 'ಇವೆಂಟ್-ಸ್ಟ್ರೀಮ್' ಎಂಬ ಜನಪ್ರಿಯ ಜಾವಾಸ್ಕ್ರಿಪ್ಟ್ ಪ್ಯಾಕೇಜಿನಲ್ಲಿ ಹಾಗೇ ಆಯಿತು. ಅದರ ಉಸ್ತುವಾರಿ ವಹಿಸಿಕೊಂಡ ಹೊಸಬರೊಬ್ಬರು ಬಿಟ್‌ಕಾಯಿನ್ ಕದಿಯುವ ಕೋಡ್ ಸೇರಿಸಿದ್ದರು. ಇಂಥ ಪ್ಯಾಕೇಜು ಓಡುವುದು ಅದನ್ನು ಇಳಿಸಿಕೊಂಡ ಡೆವಲಪರ್‌ನ ಅಧಿಕಾರದಲ್ಲಿ. ಅವರಿಗೆ ಏನೇನು ಕಾಣುತ್ತದೋ ಅದಕ್ಕೂ ಅಷ್ಟೂ ಕಾಣುತ್ತದೆ. ಕೆಲಸಕ್ಕೊಂದು ವಿಎಂ ಇದ್ದು, ಅದರೊಳಗೆ ಬೇರೆ ಕೀಲಿಗಳನ್ನು ಇಡದಿದ್ದರೆ ಹಾನಿ ಆ ನಾಲ್ಕು ಗೋಡೆಯೊಳಗೇ ನಿಲ್ಲುವ ಸಾಧ್ಯತೆ ಹೆಚ್ಚು.

ನಡುವಿನ ದಾರಿ

ಎರಡರ ಗುಣವೂ ಬೇಕು ಎನ್ನುವವರಿಗೆ 'ಕಂಟೈನರ್' ಇದೆ. ಕರ್ನಲ್ ಒಂದೇ, ಆದರೆ ಪ್ರತಿಯೊಬ್ಬರಿಗೂ ಫೈಲುಗಳು, ತಂತ್ರಾಂಶದ ಆವೃತ್ತಿಗಳು ಬೇರೆಯೇ ಕಾಣುವಂತೆ ಮರೆ ಕಟ್ಟುವ ವಿಧಾನ ಇದು. 2013ರಲ್ಲಿ ಬಂದ ಡಾಕರ್ ಇದನ್ನು ಜನಪ್ರಿಯಗೊಳಿಸಿತು. ಯಾರಿಗೆ ಎಷ್ಟು ಮೆಮೊರಿ, ಎಷ್ಟು ಪ್ರೊಸೆಸರ್ ಎಂಬ ಮಿತಿ ಹಾಕುವ ಸೌಲಭ್ಯ 2008ರಿಂದಲೇ ಲಿನಕ್ಸ್‌ನಲ್ಲಿದೆ. ಹಾಗಾಗಿ ಹೊಸ ಪೈಥಾನ್, ಹಳೆಯ ಪೈಥಾನ್ ಜಗಳ ಇಲ್ಲಿ ತೀರುತ್ತದೆ. ಕೊಡ ತುಂಬಿಕೊಳ್ಳುವ ಜಗಳಕ್ಕೂ ಒಂದು ಲೆಕ್ಕ ಸಿಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಇರಲಿ. ಕಂಟೈನರ್‌ಗಳ ನಡುವಿನ ಗೋಡೆಯನ್ನು ಕಾಯುವುದು ಅದೇ ಹಂಚಿಕೊಂಡ ಕರ್ನಲ್. ಪರಸ್ಪರ ಪರಿಚಯವೇ ಇಲ್ಲದವರನ್ನು ಬರೀ ಕಂಟೈನರ್‌ಗಳಲ್ಲಿ ಅಕ್ಕಪಕ್ಕ ಇಡುವುದು ಅಷ್ಟು ಕ್ಷೇಮವಲ್ಲ. ದೊಡ್ಡ ಕ್ಲೌಡ್‌ಗಳಲ್ಲಿ ಬೇರೆ ಬೇರೆ ಗ್ರಾಹಕರ ನಡುವೆ ವಿಎಂ ಗೋಡೆ, ಒಬ್ಬ ಗ್ರಾಹಕನ ಮನೆಯೊಳಗೆ ಕಂಟೈನರ್ ಮರೆ, ಹೀಗೆ ಎರಡೂ ಸೇರಿರುವುದು ಇದೇ ಕಾರಣಕ್ಕೆ.

ಇದೆಲ್ಲ ನಿಮ್ಮ ಫೋನಿನಲ್ಲೂ ಇದೆ!

"ನಾನು ಡೆವಲಪರ್ ಅಲ್ಲ, ನನಗೇಕೆ ಇದು?" ಎನ್ನಬೇಡಿ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನ್ ಕೂಡ ಒಂದು ವಠಾರವೇ. ಅದರೊಳಗಿರುವುದು ಲಿನಕ್ಸ್ ಕರ್ನಲ್. ಅಲ್ಲಿ ಬಾಡಿಗೆದಾರರು ಮನುಷ್ಯರಲ್ಲ, ಆಪ್‌ಗಳು. ನೀವು ಒಂದು ಆಪ್ ಹಾಕಿಕೊಂಡಾಗ ಆಂಡ್ರಾಯ್ಡ್ ಅದಕ್ಕೆ ಪ್ರತ್ಯೇಕ ಬಳಕೆದಾರ ಸಂಖ್ಯೆಯೊಂದನ್ನು ಕೊಡುತ್ತದೆ. ಎಂಐಟಿಯಲ್ಲಿ ಮನುಷ್ಯರಿಗೆಂದು ಕಟ್ಟಿದಂಥ ಗೋಡೆಯೇ ಇಂದು ನಿಮ್ಮ ಬ್ಯಾಂಕ್ ಆಪ್‌ಗೂ ಮೊನ್ನೆ ಹಾಕಿಕೊಂಡ ಆಟದ ಆಪ್‌ಗೂ ನಡುವೆ ನಿಂತಿದೆ. ಆ ಆಟ ಬ್ಯಾಂಕ್ ಆಪ್‌ನ ಖಾಸಗಿ ಫೈಲುಗಳನ್ನು ಸುಮ್ಮನೆ ತೆರೆದು ಓದಲಾರದು.

ಹಾಗಾದರೆ ಫೋನಿನಿಂದ ಹಣ ಹೋಗುವುದು ಹೇಗೆ? ಬಹಳ ಸಲ ಗೋಡೆ ಒಡೆದು ಅಲ್ಲ, ನಾವೇ ಬಾಗಿಲು ತೆರೆದು. ಆಟದ ಆಪ್ ಎಸ್ಎಂಎಸ್ ಓದಲು ಅನುಮತಿ ಕೇಳುತ್ತದೆ, ನಾವು 'ಅಲೋ' ಒತ್ತುತ್ತೇವೆ. ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಫೈಲನ್ನು ಹಾಕಿಕೊಳ್ಳುತ್ತೇವೆ. ಅಪ್‌ಡೇಟನ್ನು ಮುಂದೂಡುತ್ತೇವೆ. ಸರ್ವರ್‌ನಲ್ಲಾದರೂ ಫೋನಿನಲ್ಲಾದರೂ ಹೆಚ್ಚಿನ ಹಾನಿಗೆ ಕಾರಣ ಇಂಥ ಮೂರೇ: ಬೇಡದ ಅನುಮತಿ, ಗೊತ್ತಿಲ್ಲದ ಪ್ಯಾಕೇಜು, ಹಾಕದ ಅಪ್‌ಡೇಟು.

ಹಾಗಾದರೆ ಯಾವುದು ಒಳ್ಳೆಯದು?

ಪರಸ್ಪರ ನಂಬಿಕೆ ಇರುವ ತಂಡ, ಒಂದೇ ಬಗೆಯ ಕೆಲಸ, ದುಬಾರಿ ಯಂತ್ರ, ನೋಡಿಕೊಳ್ಳಲು ಒಬ್ಬ ನಿರ್ವಾಹಕರು ಇದ್ದರೆ ಹಂಚಿಕೊಂಡ ಯಂತ್ರ ಒಳ್ಳೆಯದು. ಕಾಲೇಜಿನ ಲ್ಯಾಬ್, ಸಂಶೋಧನಾ ಕೇಂದ್ರಗಳಿಗೆ ಇದು ಹೊಂದುತ್ತದೆ. ಸೀಮಿತ ಹಣದಲ್ಲಿ ಹೆಚ್ಚು ಮಕ್ಕಳಿಗೆ ಒಳ್ಳೆಯ ಯಂತ್ರದ ರುಚಿ ತೋರಿಸಬಹುದು. ಆದರೆ ಬಳಕೆಯ ಮಿತಿ, ಮುಚ್ಚಿದ ಹೋಮ್ ಫೋಲ್ಡರ್, ತಪ್ಪದ ಅಪ್‌ಡೇಟ್ ಮೂರೂ ಇರಲೇಬೇಕು.

ಬೇರೆ ಬೇರೆ ಗ್ರಾಹಕರ ಕೆಲಸ, ಗುಟ್ಟಿನ ಮಾಹಿತಿ, ರೂಟ್ ಅಧಿಕಾರ ಬೇಕಾದ ಪ್ರಯೋಗ, ನಂಬಲಾಗದ ಕೋಡ್ ಇದ್ದರೆ ವಿಎಂ ಒಳ್ಳೆಯದು. ಆದರೆ ಪ್ರತಿಯೊಂದು ವಿಎಂಗೂ ಒಬ್ಬ ಹೊಣೆಗಾರ, ತಾನಾಗಿ ಆಗುವ ಅಪ್‌ಡೇಟ್, ಇಂಥ ದಿನ ಅಳಿಸಬೇಕು ಎಂಬ ಗಡುವು ಇರಲಿ.

ಎರಡರಲ್ಲಿ ಯಾವುದನ್ನೇ ಆರಿಸಿದರೂ ಕೇಳಬೇಕಾದ ಪ್ರಶ್ನೆಗಳು ಮೂರು. ನನ್ನ ಮತ್ತು ಪಕ್ಕದವರ ನಡುವಿನ ಗೋಡೆಯನ್ನು ಕಾಯುತ್ತಿರುವುದು ಯಾರು? ಎಲ್ಲದರ ಕೀಲಿ ಯಾರ ಬಳಿ ಇದೆ? ಸೂರು ಸೋರಿದರೆ ರಿಪೇರಿ ಮಾಡುವವರು ಯಾರು? ಮೂರಕ್ಕೂ ಹೆಸರು ಹಿಡಿದು ಉತ್ತರ ಹೇಳಲು ಸಾಧ್ಯವಾದರೆ ವಠಾರವೂ ಸುರಕ್ಷಿತ. ಸಾಧ್ಯವಾಗದಿದ್ದರೆ ಒಬ್ಬೊಬ್ಬರಿಗೊಂದು ಬಂಗಲೆ ಕಟ್ಟಿಸಿಕೊಟ್ಟರೂ ಪ್ರಯೋಜನವಿಲ್ಲ.

ಇನ್ನು ಅಮ್ಮನ ಪ್ರಶ್ನೆಗೆ ಉತ್ತರ: "ಹೌದಮ್ಮ, ಆ ಸರ್ವರ್‌ನಲ್ಲಿ ಬೇರೆಯವರೂ ಇರ್ತಾರೆ. ನನ್ನ ಫೈಲು ಅವರಿಗೆ ಕಾಣಲ್ಲ, ನಾನು ಬಾಗಿಲು ಹಾಕಿಕೊಂಡಿದ್ದರೆ." ಮುಂದಿನ ಸಲ "ಇದು ಹಾಕಿಕೊಂಡರೆ ನೂರಕ್ಕೆ ನೂರು ಸೇಫ್" ಎಂಬ ಫಾರ್ವರ್ಡ್ ಬಂದಾಗ ಹಂಚುವ ಮುನ್ನ ಆ ಮೂರು ಪ್ರಶ್ನೆಗಳನ್ನು ಒಮ್ಮೆ ಕೇಳಿ ನೋಡಿ. ಮತ್ತೆ, ನಿಮ್ಮ ಫೋನಿನಲ್ಲಿ ಬಾಕಿ ಇರುವ ಅಪ್‌ಡೇಟನ್ನು ಇವತ್ತೇ ಹಾಕಿಬಿಡಿ.